ಬಂಡೆಯೇರುವ ಬಂಡಿ ಮತ್ತು ಗುರುತ್ವಕೇಂದ್ರ

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ಎಂಟನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ಒಂದು ರೇಡಿಯೋ-ನಿಯಂತ್ರಿತ ಬಂಡಿಯನ್ನು ಶಾಲೆಗೆ ತಂದನು. ಅವನ ಅಣ್ಣನು ತನ್ನ ದುಡಿಮೆಯ ಹಣದಲ್ಲಿ ಅದನ್ನು ಯಾರಿಂದಲೋ ಹಳೆಯದಾಗಿ ಕೊಂಡು ತಮ್ಮನಿಗೆ ಕೊಟ್ಟಿದ್ದನು. ಇಂಥ ಬಂಡಿಗೆ ‘ರಾಕ್ ಕ್ರಾಲರ್’ ಎಂದು ಹೆಸರು. ಬಂಡೆಗಳ ಮೇಲೆ ತೆವಳುವ ಬಂಡಿಯೆಂದು ಅರ್ಥ. ಶಾಲೆಯ ಹಿಂದಣ ಕಲ್ಲುರಾಶಿಯನ್ನು ಹತ್ತಿಸಹೋದರೆ, ಓರೆಯಾದ ಒಂದು ಕಲ್ಲಿನ ಬಳಿ ಅದು ಪ್ರತಿಸಲವೂ ಪಕ್ಕಕ್ಕೆ ಮಗುಚಿ ಬೀಳುತ್ತಿತ್ತು. ಗೆಳೆಯರು ನಕ್ಕರು. ಹುಡುಗನು ನನ್ನ ಬಳಿ ಬಂದು, “ಅಣ್ಣ ದುಡ್ಡು ಕೊಟ್ಟು ಮೋಸಹೋದ, ಸರ್” ಎಂದು ತಲೆ ತಗ್ಗಿಸಿ ನಿಂತನು. ಬಂಡಿಯನ್ನು ತಿರುಗಿಸಿ ನೋಡಿದೆ. ಅದು ಕೆಟ್ಟಿರಲಿಲ್ಲ, ಎತ್ತರವಾಗಿತ್ತು, ಅಷ್ಟೆ.

ನಿಜವಾದ ಜೀಪುಗಳನ್ನು ಬಂಡೆಗಳ ಮೇಲೆ ಮೆಲ್ಲಮೆಲ್ಲನೆ ಏರಿಸುವ ಆಟವು ಅಮೆರಿಕದಲ್ಲಿ ಬೆಳೆದುದು. ಕ್ಯಾಲಿಫೋರ್ನಿಯಾದ ರುಬಿಕಾನ್ ಹಾದಿಯೂ ಯೂಟಾ ಸಂಸ್ಥಾನದ ಮೋಯಾಬ್ ಪಟ್ಟಣದ ಸುತ್ತಣ ಬಂಡೆಗಳೂ ಇದಕ್ಕೆ ಹೆಸರಾಗಿವೆ. ಆ ಜೀಪುಗಳನ್ನು ಹತ್ತರಲ್ಲಿ ಒಂದು ಪಾಲಿಗೆ ಕಿರಿದುಗೊಳಿಸಿದ ಪ್ರತಿಕೃತಿಗಳನ್ನು ಆಕ್ಸಿಯಲ್, ಟ್ರಾಕ್ಸಸ್ ಮೊದಲಾದ ಕಂಪನಿಗಳು ತಯಾರಿಸುತ್ತವೆ. ಇವುಗಳಲ್ಲಿ ಮೋಟಾರಿನ ಬಲವು ನಾಲ್ಕು ಚಕ್ರಗಳಿಗೂ ಹೋಗುವುದು. ವೇಗವು ಇವಕ್ಕೆ ಮುಖ್ಯವಲ್ಲ. ಬೀಳದೆ ಏರುವುದೇ ಮುಖ್ಯ.

ಹಾಗಾದರೆ ಬಂಡಿಯು ಬೀಳುವುದೇಕೆ? ಪ್ರತಿಯೊಂದು ವಸ್ತುವಿಗೂ ಒಂದು ಗುರುತ್ವಕೇಂದ್ರವುಂಟು. ಅದರ ಭಾರವೆಲ್ಲ ಆ ಒಂದು ಬಿಂದುವಿನಲ್ಲಿಯೇ ನೆಲೆಸಿದೆಯೆಂದು ಭಾವಿಸಬಹುದು. ಆ ಬಿಂದುವಿನಿಂದ ಕೆಳಕ್ಕೆ ಎಳೆದ ಲಂಬರೇಖೆಯು ನಾಲ್ಕು ಚಕ್ರಗಳ ನಡುವೆ ಬೀಳುವವರೆಗೆ ಬಂಡಿ ನಿಲ್ಲುವುದು. ಚಕ್ರಗಳಿಂದಾಚೆಗೆ ಬಿದ್ದೊಡನೆ ಮಗುಚುವುದು. ನಮ್ಮೂರಿನಲ್ಲಿ ಚಕ್ಕಡಿ ಹೇರುವಾಗ ಜೋಳದ ಚೀಲಗಳನ್ನು ಕೆಳಗಿಟ್ಟು ಕಣಿಕೆಯನ್ನು ಮೇಲೆ ಒಟ್ಟುತ್ತಿದ್ದರು. ಬರೀ ಕಣಿಕೆಯನ್ನೇ ಎತ್ತರಕ್ಕೆ ಹೇರಿದ ಚಕ್ಕಡಿ ಹಳ್ಳದ ಇಳುಕಲಿನಲ್ಲಿ ಹೊರಳುವುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ನಮ್ಮ ಹಿರಿಯರು ಗುರುತ್ವಕೇಂದ್ರವೆಂಬ ಮಾತನ್ನು ಕೇಳಿರಲಿಲ್ಲ. ಅದರ ನಿಯಮವನ್ನು ಮಾತ್ರ ಚೆನ್ನಾಗಿ ಬಲ್ಲವರಾಗಿದ್ದರು.

ನಾವು ಮೊದಲು ಅಳತೆಗೆ ತೊಡಗಿದೆವು. ಬಂಡಿಯನ್ನು ಒಂದು ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲಿಸಿ, ಹಲಗೆಯ ಒಂದು ಅಂಚನ್ನು ನಿಧಾನವಾಗಿ ಎತ್ತಿದೆವು. ಮೇಲ್ಬದಿಯ ಚಕ್ರಗಳು ಹಲಗೆಯನ್ನು ಬಿಟ್ಟಾಗ ಕೋನಮಾಪಕವು ಸುಮಾರು 40 ಡಿಗ್ರಿ ತೋರಿಸಿತು. ಬಂಡಿಯ ಅರ್ಧ ಅಗಲ 10 ಸೆಂ.ಮೀ. ಇದ್ದಿತು. ಗ್ರಾಫ್ ಕಾಗದದ ಮೇಲೆ ತ್ರಿಕೋನ ಬರೆದು ನೋಡಿದರೆ ಗುರುತ್ವಕೇಂದ್ರವು ನೆಲದಿಂದ 12 ಸೆಂ.ಮೀ. ಎತ್ತರದಲ್ಲಿದೆಯೆಂದು ತಿಳಿಯಿತು. ಅದು 10 ಸೆಂ.ಮೀ.ಗೆ ಇಳಿದರೆ ಬಂಡಿಯು 45 ಡಿಗ್ರಿಯವರೆಗೆ ತಾಳಬೇಕು.

ಮೊದಲನೆಯ ಉಪಾಯಕ್ಕೆ ಕಾಸಿನ ಖರ್ಚಿಲ್ಲ. ಹುಡುಗನು ಅಂದಕ್ಕಾಗಿ ಮಾಡಿನ ಮೇಲೆ ಲೋಹದ ಜಾಲರಿಯನ್ನೂ ಪುಟ್ಟ ದೀಪಗಳನ್ನೂ ಕೂರಿಸಿದ್ದನು. ಒಲ್ಲದ ಮನಸ್ಸಿನಿಂದ ಅವನ್ನು ತೆಗೆದನು. ಬ್ಯಾಟರಿಯನ್ನು ಕೆಳಗೆ, ತುಸು ಮುಂದಕ್ಕೆ ಕಟ್ಟಿದೆವು. ಏರುವಾಗ ಮುಂಭಾಗದ ಭಾರವು ಬಂಡಿ ಹಿಮ್ಮಗುಚದಂತೆ ತಡೆಯುವುದು. ಇಷ್ಟರಿಂದಲೇ ಹಲಗೆಯ ಕೋನವು 42 ಡಿಗ್ರಿಗೆ ಏರಿತು.

ಎರಡನೆಯದು ಸಸ್ಪೆನ್ಷನ್ನನ್ನು ತಗ್ಗಿಸುವುದು. ಪ್ರತಿ ಚಕ್ರದ ಬಳಿ ಒಂದು ಶಾಕ್ ಅಬ್ಸಾರ್ಬರ್ ಇರುವುದು: ಎಣ್ಣೆ ತುಂಬಿದ ನಳಿಗೆ, ಅದರೊಳಗೆ ಸರಳಿನ ತುದಿಯಲ್ಲಿ ಚಲಿಸುವ ಪಿಸ್ಟನ್, ಹೊರಗೆ ಸ್ಪ್ರಿಂಗು. ಸ್ಪ್ರಿಂಗು ಭಾರಕ್ಕೆ ತಕ್ಕಷ್ಟು ಕುಗ್ಗುವುದೆಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ವಿಜ್ಞಾನಿಯು 1678ರಲ್ಲಿ ಪ್ರಕಟಿಸಿದನು. 100 ಗ್ರಾಮಿಗೆ 1 ಮಿ.ಮೀ. ಕುಗ್ಗುವ ಸ್ಪ್ರಿಂಗಿನ ಮೇಲೆ 600 ಗ್ರಾಂ ಭಾರವಿದ್ದರೆ ಅದು 6 ಮಿ.ಮೀ. ಕುಗ್ಗುವುದು. 60 ಗ್ರಾಮಿಗೇ 1 ಮಿ.ಮೀ. ಕುಗ್ಗುವ ಮೆದುವಾದ ಸ್ಪ್ರಿಂಗು ಹಾಕಿದರೆ 10 ಮಿ.ಮೀ. ಕುಗ್ಗಿ ಬಂಡಿಯ ಒಡಲನ್ನು ತಗ್ಗಿಸುವುದು. ಆದರೆ ಹೊಸ ಸ್ಪ್ರಿಂಗಿಗೆ ಹಣ ಬೇಕು.

ನಮ್ಮ ಬಂಡಿಯ ಸ್ಪ್ರಿಂಗುಗಳು ಬಿಗಿಯಾಗಿದ್ದು, ಶಾಕ್‌ಗಳು ನಿಂತಲ್ಲಿಯೇ ಪೂರ್ತಿ ಚಾಚಿಕೊಂಡಿದ್ದವು. ಇಂಥಲ್ಲಿ ಇನ್ನೊಂದು ದಾರಿಯುಂಟು. ಬ್ಯಾಟರಿಯನ್ನು ಕಳಚಿಟ್ಟು, ಶಾಕ್ ಬಿಚ್ಚಿ, ಎಣ್ಣೆಯನ್ನು ಬಟ್ಟಲಿಗೆ ಬಗ್ಗಿಸಿದೆವು. ನಳಿಗೆಯೊಳಗೆ, ಪಿಸ್ಟನ್ನಿನ ಕೆಳಗೆ, ಸರಳಿಗೆ 12 ಮಿ.ಮೀ. ಉದ್ದದ ಕೊಳವೆಯ ತುಂಡನ್ನು ತೊಡಿಸಿದೆವು. ಈಗ ಸರಳು ಮೊದಲಿನಷ್ಟು ಹೊರಚಾಚದು. ಸ್ಪ್ರಿಂಗಿನ ಮೇಲಣ ತಿರುಪುಬಳೆಯನ್ನು ಸಡಿಲಿಸಿದೆವು. ಎಣ್ಣೆಯನ್ನು ಮತ್ತೆ ತುಂಬಿ, ಗಾಳಿಗುಳ್ಳೆಗಳು ಮೇಲೇಳುವವರೆಗೆ ಕಾದು ಮುಚ್ಚಿದೆವು. ಎಡಬಲದ ತುಂಡುಗಳು ಸಮನಾಗಿರಬೇಕೆಂಬುದನ್ನು ಮರೆಯಬಾರದು. ಇಲ್ಲವಾದರೆ ಬಂಡಿ ಒಂದು ಪಕ್ಕಕ್ಕೆ ವಾಲುವುದು. ಶಾಕ್‌ಗಳು ಓರೆಯಾಗಿ ನಿಂತಿರುವುದರಿಂದ ಒಡಲು 12ರ ಬದಲು 15 ಮಿ.ಮೀ. ಇಳಿಯಿತು. ಚಕ್ರಗಳೂ ಆಕ್ಸಲುಗಳೂ ಇದ್ದ ಎತ್ತರದಲ್ಲಿಯೇ ಉಳಿದುದರಿಂದ ಗುರುತ್ವಕೇಂದ್ರವು ಇಳಿದುದು 10 ಮಿ.ಮೀ. ಮಾತ್ರ. ಹಲಗೆಯ ಮೇಲೆ 45 ಡಿಗ್ರಿ ಬಂದಿತು.

ಬಂಡಿಯು ಆ ಓರೆ ಕಲ್ಲನ್ನು ನಿರಾಯಾಸವಾಗಿ ದಾಟಿತು. ಹುಡುಗರು ಕೇಕೆ ಹಾಕಿದರು. ಆದರೆ ಮುಂದಿನ ಕಲ್ಲಿನ ಮೇಲೆಯೇ ಅದು ಹೊಟ್ಟೆ ಊರಿ ಕುಳಿತು, ಚಕ್ರಗಳು ಬರಿದೇ ತಿರುಗತೊಡಗಿದವು. ತಗ್ಗಿಸಿದುದಕ್ಕೆ ತೆರಬೇಕಾದ ಬೆಲೆಯಿದು. ಒಡಲು ಇಳಿದಷ್ಟೂ ಹೊಟ್ಟೆಯು ಕಲ್ಲಿಗೆ ತಗಲುವುದು. ಸರಳಿನ ಓಟ ಕಡಿಮೆಯಾಗಿ, ಗುಂಡಿಗೆ ಇಳಿದ ಚಕ್ರವು ನೆಲವನ್ನು ಮುಟ್ಟಲಾರದೆ ಹೋಗುವುದು. ಪೂರ್ತಿ ತಿರುಗಿಸಿದ ಮುಂಗಾಲಿಯ ಟೈರು ಮೇಲಿನ ಕವಚಕ್ಕೆ ಉಜ್ಜುವುದು. ಎತ್ತರವಾದರೆ ಮಗುಚುವುದು, ತಗ್ಗಾದರೆ ಸಿಕ್ಕಿಬೀಳುವುದು. ಇವೆರಡರ ನಡುವಣ ಸ್ಥಾನವನ್ನು ಅಳೆದೇ ಕಂಡುಕೊಳ್ಳಬೇಕು.

ಮರುದಿನ 12 ಮಿ.ಮೀ. ತುಂಡುಗಳನ್ನು ತೆಗೆದು 8 ಮಿ.ಮೀ. ತುಂಡುಗಳನ್ನು ಹಾಕಿದೆವು. ಒಡಲು 5 ಮಿ.ಮೀ. ಮೇಲೆದ್ದಿತು, ಹಲಗೆಯ ಕೋನವು 45ರಿಂದ 44 ಡಿಗ್ರಿಗೆ ಇಳಿಯಿತು. ಕಳೆದುಕೊಂಡುದು ಒಂದೇ ಡಿಗ್ರಿ. ಆ ಸಂಜೆ ಬಂಡಿಯು ಎರಡು ಕಲ್ಲುಗಳನ್ನೂ ದಾಟಿ ರಾಶಿಯ ತುದಿಯಲ್ಲಿ ನಿಂತಿತು. ಹೊಸದಾಗಿ ಕೊಂಡ ಭಾಗ ಒಂದೂ ಇರಲಿಲ್ಲ.

ವಿದ್ಯಾರ್ಥಿಗಳೇ, ಒಂದು ಯಂತ್ರವು ಸೋತಾಗ ಅದನ್ನು ಹಳಿಯುವುದು ಸುಲಭ. ಕೊಟ್ಟವರನ್ನು ಹಳಿಯುವುದು ಇನ್ನೂ ಸುಲಭ. ಹಾಗೆ ಹಳಿಯುವ ಮುನ್ನ ಒಂದು ಹಲಗೆ, ಒಂದು ಕೋನಮಾಪಕ, ಒಂದು ಹಾಳೆ ಕಾಗದವನ್ನು ತೆಗೆದುಕೊಳ್ಳಿರಿ. ಕಲ್ಲುರಾಶಿಯಿಂದ ಇಳಿದುಬಂದ ಹುಡುಗನು ಅಂದು ಹೇಳಿದ ಮಾತು ಇಷ್ಟೇ: “ಅಣ್ಣನಿಗೆ ಇವತ್ತೇ ತೋರಿಸುತ್ತೇನೆ, ಸರ್.”