ಶೋರೂಮಿನ ರಿಪೇರಿ ಬಿಲ್ ಸರಿಯೋ, ಹೆಚ್ಚೋ?

ಪ್ರಶ್ನೆ: ಶಿವಮೊಗ್ಗದ ಶೋರೂಮಿನಲ್ಲಿ ಕಾರು ರಿಪೇರಿ ಮಾಡಿಸಿದರೆ, ಬಿಲ್ ನ್ಯಾಯವಾಗಿದೆಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಉಡುತಡಿ

ಉತ್ತರ: ಬಿಲ್ಲಿನಲ್ಲಿ ಬಿಡಿಭಾಗದ ಬೆಲೆ ಬೇರೆ, ಲೇಬರ್ ಚಾರ್ಜ್ ಬೇರೆ. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಜಿಎಸ್‌ಟಿ ಶೇ. 18. ಆದರೆ ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. 1,180 ರೂಪಾಯಿ ಎಂಆರ್‌ಪಿಯ ಫಿಲ್ಟರಿಗೆ ಬೆಲೆ 1,000, ತೆರಿಗೆ 180 ಎಂದಿರಬೇಕು. 1,180ರ ಮೇಲೆ ಮತ್ತೆ ತೆರಿಗೆ ಹಾಕಿದ್ದರೆ ಅದು ತಪ್ಪು, ಕೇಳಲು ಸಂಕೋಚ ಬೇಡ.

ಲೇಬರ್ ಚಾರ್ಜ್ ಅಳೆಯುವುದು ಕಷ್ಟ. ಅದೇ ಕೆಲಸಕ್ಕೆ ಇನ್ನೊಂದು ಶೋರೂಮು ಎಷ್ಟು ಕೇಳುತ್ತದೆ ಎಂದು ಫೋನಿನಲ್ಲೇ ವಿಚಾರಿಸಬಹುದು. ಜಾಬ್ ಕಾರ್ಡಿನಲ್ಲಿ ಬರೆಸದ ಎಂಜಿನ್ ಫ್ಲಶಿಂಗ್, ಎಸಿ ಕ್ಲೀನಿಂಗ್‌ನಂಥವು ಬಿಲ್ಲಿಗೆ ಸೇರಿಕೊಂಡಿವೆಯೇ ನೋಡಬೇಕು. ಬದಲಿಸಿದ ಹಳೆಯ ಭಾಗವನ್ನು ತೋರಿಸಿ ಎನ್ನುವುದು ಒಳ್ಳೆಯ ಅಭ್ಯಾಸ.

ಬೆಲೆ ಏರುವುದಕ್ಕೆ ದೊಡ್ಡ ಕಾರಣವೊಂದನ್ನು ಭಾರತೀಯ ಸ್ಪರ್ಧಾ ಆಯೋಗವೇ ಗುರುತಿಸಿತ್ತು. ಅಸಲಿ ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದುದಕ್ಕೆ 2014ರ ಆಗಸ್ಟ್‌ನಲ್ಲಿ ಮಾರುತಿ, ಟಾಟಾ, ಮಹೀಂದ್ರ ಸೇರಿ 14 ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿ ಹೋದವು. ಶಿರಾಳಕೊಪ್ಪದ ಮೆಕ್ಯಾನಿಕ್‌ಗೂ ಅಸಲಿ ಭಾಗ ಸಲೀಸಾಗಿ ಸಿಕ್ಕರೆ ಮಾತ್ರ ಉಡುತಡಿಯವರಿಗೆ ನಿಜವಾದ ಆಯ್ಕೆ ಇರುತ್ತದೆ.

ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಎರಡು ವರ್ಷದೊಳಗೆ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಜಾಬ್ ಕಾರ್ಡ್, ಎಸ್ಟಿಮೇಟ್, ಬಿಲ್ ಮೂರನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.