ಅಕ್ಟೋಬರ್ 31ರ ರಾತ್ರಿ ಟ್ಯಾರೋ ಕಾರ್ಡ್ ಸತ್ತವರ ಮಾತು ತಿಳಿಸುತ್ತದೆಯೇ? ‘ಸೌಇನ್’ ಹಬ್ಬದ ಅಸಲಿ ಕಥೆ ಇಲ್ಲಿದೆ

ಅಕ್ಟೋಬರ್ ಮುಗಿಯುತ್ತಾ ಬಂದಂತೆ ವಾಟ್ಸಾಪ್, ಇನ್‌ಸ್ಟಾಗ್ರಾಂಗಳಲ್ಲಿ ಒಂದು ಬಗೆಯ ಸಂದೇಶ ಓಡಾಡುತ್ತದೆ. ಸೌಇನ್ ರಾತ್ರಿ ಸತ್ತವರ ಲೋಕಕ್ಕೂ ನಮ್ಮ ಲೋಕಕ್ಕೂ ನಡುವಿನ ಪರದೆ ತೆಳುವಾಗುತ್ತದೆ, ಮೇಣದಬತ್ತಿ ಹಚ್ಚಿ ಟ್ಯಾರೋ ಕಾರ್ಡ್ ತೆಗೆದರೆ ಅಗಲಿದವರ ಮಾತು ಸಿಗುತ್ತದೆ, ಇದು ಸಾವಿರಾರು ವರ್ಷಗಳ ಸೆಲ್ಟಿಕ್ ವಿಧಿ ಎಂಬುದು ಅದರ ಸಾರ. ಇದರಲ್ಲಿ ನಿಜವೆಷ್ಟು, ಸೇರಿಸಿದ್ದೆಷ್ಟು? ಒಂದೊಂದಾಗಿ ನೋಡೋಣ.

ಸೌಇನ್ ಎಂದರೇನು?

ಇಂಗ್ಲಿಷ್ ಅಕ್ಷರಗಳನ್ನು ನೋಡಿ ಇದನ್ನು ‘ಸಮ್ಹೈನ್’ ಎಂದು ಓದುವವರಿದ್ದಾರೆ. ಉಚ್ಚಾರ ‘ಸೌಇನ್’. ಐರ್ಲೆಂಡ್, ಸ್ಕಾಟ್ಲೆಂಡ್ ಮತ್ತು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹಬ್ಬವಿದು. ಅಕ್ಟೋಬರ್ 31ರ ಸಂಜೆಯಿಂದ ನವೆಂಬರ್ 1ರವರೆಗೆ ನಡೆಯುತ್ತದೆ. ಬೇಸಿಗೆಯ ಹುಲ್ಲುಗಾವಲಿನಿಂದ ದನಗಳನ್ನು ಮನೆಗೆ ಹೊಡೆದುಕೊಂಡು ಬರುವ, ಗುಡ್ಡದ ಮೇಲೆ ಬೆಂಕಿ ಹಾಕುವ ಕಾಲ. ಇಂದಿಗೂ ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳ ಹೆಸರೇ ‘ಸೌಇನ್’.

‘ಪರದೆ ತೆಳುವಾಗುತ್ತದೆ’ ಎಂಬ ನಂಬಿಕೆಗೂ ಹಳೆಯ ಬೇರಿದೆ. ಈ ರಾತ್ರಿ ಗುಡ್ಡಗಳ ಬಾಗಿಲು ತೆರೆದು ಬೇರೆ ಲೋಕದವರು ಹೊರಬರುತ್ತಾರೆ ಎಂದು ಮಧ್ಯಯುಗದ ಐರಿಷ್ ಕಥೆಗಳು ಹೇಳುತ್ತವೆ. ಆದ್ದರಿಂದ ಹಬ್ಬವೂ ನಿಜ, ನಂಬಿಕೆಯೂ ಹಳೆಯದು.

ಹಾಗಾದರೆ ಟ್ಯಾರೋ ಎಲ್ಲಿಂದ ಬಂತು?

ಟ್ಯಾರೋ ಹುಟ್ಟಿದ್ದು ಸೆಲ್ಟಿಕ್ ನಾಡಿನಲ್ಲಲ್ಲ, ಉತ್ತರ ಇಟಲಿಯಲ್ಲಿ. 15ನೇ ಶತಮಾನದಲ್ಲಿ ಮಿಲಾನ್, ಫೆರಾರಾ ಮುಂತಾದ ಊರುಗಳ ಶ್ರೀಮಂತರು ಆಡುತ್ತಿದ್ದ ಒಂದು ಬಗೆಯ ಇಸ್ಪೀಟು ಆಟ ಅದು. ಯುರೋಪಿಗೆ ಇಸ್ಪೀಟು ಬಂದದ್ದೇ 14ನೇ ಶತಮಾನದಲ್ಲಿ. ಹೀಗಿರುವಾಗ ಪ್ರಾಚೀನ ಸೆಲ್ಟರು ಸೌಇನ್ ರಾತ್ರಿ ಟ್ಯಾರೋ ತೆಗೆಯುತ್ತಿದ್ದರು ಎನ್ನುವುದು ಸಾಧ್ಯವೇ ಇಲ್ಲ.

ಈ ಎಲೆಗಳು ಭವಿಷ್ಯ ಹೇಳುವ ಸಾಧನವಾಗಿ ಹೆಸರಾದದ್ದು 18ನೇ ಶತಮಾನದಲ್ಲಿ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬಲಾಂ ಎಂಬ ವಿದ್ವಾಂಸ, ಟ್ಯಾರೋ ಈಜಿಪ್ಟಿನ ಗುಪ್ತ ಜ್ಞಾನ ಎಂದು ಬರೆದ. ಆಗಿನ್ನೂ ಈಜಿಪ್ಟಿನ ಚಿತ್ರಲಿಪಿಯನ್ನು ಯಾರೂ ಓದಿರಲಿಲ್ಲ. ಅದು ಬಿಡಿಸಿಕೊಂಡದ್ದು 1822ರಲ್ಲಿ. ಆಧಾರವಿಲ್ಲದ ಆ ಮಾತೇ ಅಂದಿನ ‘ಫಾರ್ವರ್ಡ್’ ಆಯಿತು.

‘ಸೆಲ್ಟಿಕ್ ಕ್ರಾಸ್’ ಎಂಬ ಹೆಸರಿದೆಯಲ್ಲ?

ಹೌದು, ಗೊಂದಲ ಶುರುವಾಗುವುದು ಇಲ್ಲಿಂದಲೇ. ಹತ್ತು ಕಾರ್ಡ್‌ಗಳನ್ನು ಜೋಡಿಸಿ ಓದುವ ಈ ಕ್ರಮವನ್ನು ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಎ. ಇ. ವೇಟ್. ಅವರ ಮಾರ್ಗದರ್ಶನದಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ 78 ಕಾರ್ಡ್‌ಗಳ ಕಟ್ಟು 1909ರಲ್ಲಿ ಲಂಡನ್‌ನಲ್ಲಿ ಪ್ರಕಟವಾಯಿತು. ಈಗ ಮೊಬೈಲ್‌ನಲ್ಲಿ ಹೆಚ್ಚಾಗಿ ಕಾಣುವ ಚಿತ್ರಗಳು ಅವೇ. ಆ ಜೋಡಣೆ ಪ್ರಾಚೀನ ಸೆಲ್ಟಿಕ್ ವಿಧಾನ ಎಂದು ವೇಟ್ ಬರೆದರೂ ಅದಕ್ಕೆ ಆಧಾರವಿಲ್ಲ.

ಕಾರ್ಡ್ ಹೇಳಿದ್ದು ನಿಜವೆನಿಸುವುದೇಕೆ?

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ‘ನಿಮ್ಮ ವರದಿ’ ಎಂದು ಒಂದು ಹಾಳೆ ಕೊಟ್ಟರು. ಅದೆಷ್ಟು ಸರಿಯಾಗಿದೆ ಎಂದು ಕೇಳಿದಾಗ ವಿದ್ಯಾರ್ಥಿಗಳು ಕೊಟ್ಟ ಸರಾಸರಿ ಅಂಕ 5ಕ್ಕೆ 4.26. ಅಸಲಿಗೆ ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ! ಯಾರಿಗಾದರೂ ಹೊಂದುವ ಮಾತನ್ನು ನಾವು ನಮಗೇ ಹೇಳಿದ್ದು ಎಂದುಕೊಳ್ಳುತ್ತೇವೆ. ‘ನಿಮ್ಮನ್ನು ಅಗಲಿದವರು ನಿಮ್ಮ ಬಗ್ಗೆ ಚಿಂತಿಸುತ್ತಿದ್ದಾರೆ’ ಎಂದರೆ, ಮನೆಯವರನ್ನು ಕಳೆದುಕೊಂಡ ಯಾರ ಕಣ್ಣು ತುಂಬುವುದಿಲ್ಲ?

ಹಾಗಿದ್ದರೆ ಆಚರಿಸಲೇಬಾರದೇ?

ಹಾಗೇನಿಲ್ಲ. ಬ್ರಿಟನ್, ಐರ್ಲೆಂಡ್, ಅಮೆರಿಕಗಳಲ್ಲಿ ಇಂದು ಸೌಇನ್ ಆಚರಿಸುವವರಲ್ಲಿ ಹಲವರು ದೀಪ ಹಚ್ಚಿ ಅಗಲಿದವರ ಹೆಸರು ಹೇಳುತ್ತಾರೆ, ಅವರಿಗಾಗಿ ಒಂದು ತಟ್ಟೆ ಊಟ ಇಡುತ್ತಾರೆ. ಕೆಲವರು ಟ್ಯಾರೋವನ್ನೂ ಇಡುತ್ತಾರೆ. ಒಂದು ಚಿತ್ರ ನೋಡಿ ಕಳೆದ ವರ್ಷದ ಬಗ್ಗೆ ಯೋಚಿಸಲು ಅದೊಂದು ನೆಪ. ಐರ್ಲೆಂಡಿನ ಮನೆಗಳಲ್ಲಿ ‘ಬಾರ್ಮ್‌ಬ್ರ್ಯಾಕ್’ ಎಂಬ ಒಣದ್ರಾಕ್ಷಿ ಬ್ರೆಡ್ಡಿನೊಳಗೆ ಉಂಗುರ ಅಡಗಿಸಿಡುವುದುಂಟು. ಯಾರ ತುಂಡಿನಲ್ಲಿ ಸಿಕ್ಕಿತೋ ಅವರ ಮದುವೆ ಹತ್ತಿರ ಎಂದು ನಗುತ್ತಾರೆ. ಹಾಗಂತ ಯಾರೂ ಛತ್ರ ಬುಕ್ ಮಾಡುವುದಿಲ್ಲ. ಕಾರ್ಡನ್ನೂ ಅಷ್ಟಕ್ಕೇ ಇಟ್ಟುಕೊಂಡರೆ ತೊಂದರೆಯಿಲ್ಲ.

ತೊಂದರೆ ಬರುವುದು ದುಃಖದಲ್ಲಿರುವವರ ಮುಂದೆ ಕಾರ್ಡ್ ಇಟ್ಟು ಹಣ ಕೇಳಿದಾಗ. ‘ಇನ್ನೊಂದು ಪೂಜೆ ಮಾಡಿಸಿದರೆ ಆತ್ಮಕ್ಕೆ ಶಾಂತಿ’ ಎಂದು ಮತ್ತೆ ಮತ್ತೆ ವಸೂಲಿ ಮಾಡಿದಾಗ. ಕಾರ್ಡ್ ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದಾಗ.

ತೀರ್ಮಾನ

ಸೌಇನ್ ಹಳೆಯ ಹಬ್ಬ ಎಂಬುದು ನಿಜ. ಟ್ಯಾರೋ ಅದರ ಪ್ರಾಚೀನ ಭಾಗ ಎಂಬುದು ಸುಳ್ಳು. ಕಾರ್ಡ್ ಸತ್ತವರ ಮಾತು ತಿಳಿಸುತ್ತದೆ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅಗಲಿಕೆಯ ನೋವು ತಡೆಯಲಾಗದಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಮಾತನಾಡಿ. ಇಂಥ ಸಂದೇಶವನ್ನು ಫ್ಯಾಮಿಲಿ ಗ್ರೂಪಿಗೆ ಕಳಿಸುವ ಮುನ್ನ, ಆ ಗ್ರೂಪಿನಲ್ಲಿ ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡವರು ಇದ್ದಾರೆಯೇ ಎಂದು ಒಮ್ಮೆ ಯೋಚಿಸಿ. ಇದ್ದರೆ ಫಾರ್ವರ್ಡ್ ಬೇಡ, ಒಂದು ಫೋನ್ ಮಾಡಿ.