ಉಪಾಧ್ಯಾಯರ ಶಿಕ್ಷಣಶಾಲೆಗಳೂ ವಿದ್ಯಾರ್ಥಿಗಳ ಅಂಕವೃದ್ಧಿಯೂ

ಉಪಾಧ್ಯಾಯರನ್ನು ಸಿದ್ಧಗೊಳಿಸುವ ಟ್ರೈನಿಂಗ್ ಕಾಲೇಜುಗಳ ಯೋಗ್ಯತೆಯನ್ನು ಯಾವುದರಿಂದ ಅಳೆಯಬೇಕು? ಪಾಠಕ್ರಮ, ಪುಸ್ತಕಭಂಡಾರ, ಅಧ್ಯಾಪಕರ ಪದವಿ ಮುಂತಾದುವನ್ನು ನೋಡಿ ನಿರ್ಣಯಿಸುವುದು ಹಳೆಯ ಪದ್ಧತಿ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇರೊಂದು ಮಾರ್ಗವು ಹುಟ್ಟಿತು. ಕಾಲೇಜಿನಿಂದ ಹೊರಬಂದ ಉಪಾಧ್ಯಾಯರ ಬಳಿ ಕಲಿತ ಮಕ್ಕಳ ಅಂಕಗಳು ಎಷ್ಟು ಹೆಚ್ಚಿದುವೆಂಬುದೇ ಆ ಕಾಲೇಜಿನ ಒರೆಗಲ್ಲೆಂಬುದು ಇದರ ಅಭಿಪ್ರಾಯ.

ಇದರ ಬೀಜವು ಟೆನೆಸಿಯಲ್ಲಿದೆ. ಅಲ್ಲಿ ವಿಲಿಯಂ ಸ್ಯಾಂಡರ್ಸ್ ಎಂಬ ಸಂಖ್ಯಾಶಾಸ್ತ್ರಜ್ಞನು ರೂಪಿಸಿದ ಗಣನಕ್ರಮವು 1992ರ ಶಾಸನದಲ್ಲಿ ಸೇರಿತು. ಮಗುವಿನ ಹಿಂದಿನ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ನಿರೀಕ್ಷೆಗಿಂತ ಹೆಚ್ಚಾಗಿ ಗಳಿಸಿದುದನ್ನು ಬೋಧನೆಯ ಫಲವೆಂದೆಣಿಸುವುದೇ ಇಂತಹ ಗಣನೆಯ ತಿರುಳು. ಅನಂತರ ಲೂಯಿಸಿಯಾನ ಸಂಸ್ಥಾನವು ಇದನ್ನು ಶಿಕ್ಷಣಶಾಲೆಗಳಿಗೂ ಅನ್ವಯಿಸಿತು. 2016ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯಾ ಇಲಾಖೆಯು, ಸಂಸ್ಥಾನಗಳೆಲ್ಲವೂ ತಮ್ಮ ಶಿಕ್ಷಣಶಾಲೆಗಳನ್ನು ವಿದ್ಯಾರ್ಥಿಗಳ ಪ್ರಗತಿಯನ್ನೂ ಗಮನಿಸಿ ವರ್ಗೀಕರಿಸಬೇಕೆಂದು ನಿಯಮಿಸಿತು. 2017ರ ಮಾರ್ಚಿಯಲ್ಲಿ ಆ ನಿಯಮವು ರದ್ದಾಯಿತು.

ಫಲದಿಂದ ಮರವನ್ನು ಅರಿಯಬೇಕೆಂಬುದು ನ್ಯಾಯವೇ. ಆದರೆ ಇಲ್ಲಿ ಮರಕ್ಕೂ ಫಲಕ್ಕೂ ನಡುವೆ ಬಹಳ ದೂರವಿದೆ. ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಉಪಾಧ್ಯಾಯನ ಪಾಲು ಶೇಕಡಾ 1ರಿಂದ 14ರವರೆಗೆ ಮಾತ್ರವೆಂದು ಬಹುಮಟ್ಟಿನ ಸಂಶೋಧನೆಗಳು ತೋರಿಸುವುದಾಗಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು 2014ರಲ್ಲಿ ತಿಳಿಸಿತು. ಈ ಅಲ್ಪಭಾಗದಲ್ಲಿಯೂ ಆತನ ಸಹಜಶಕ್ತಿಯೆಷ್ಟು, ಅನುಭವವೆಷ್ಟು, ಕಾಲೇಜು ಕಲಿಸಿದುದೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಬಡವರ ಕೇರಿಯ ಶಾಲೆಗಳಿಗೆ ಉಪಾಧ್ಯಾಯರನ್ನು ಕಳುಹಿಸುವ ಕಾಲೇಜಿನ ಲೆಕ್ಕದಲ್ಲಿ ಆ ಶಾಲೆಗಳ ಕಷ್ಟವೂ ಬೆರೆತುಹೋಗಬಹುದು. ಹೊರಬರುವ ಪದವೀಧರರು ಕೆಲವರೇ ಆದಲ್ಲಿ, ಆಕಸ್ಮಿಕವಾದ ಏರಿಳಿತವೇ ಗುಣದೋಷವಾಗಿ ತೋರುವುದು.

ವಾನ್ ಹಿಪ್ಪೆಲ್ ಮತ್ತು ಬೆಲೋಸ್ ಎಂಬ ಸಂಶೋಧಕರು ಆರು ಸಂಸ್ಥಾನಗಳ ಫಲಿತಾಂಶಗಳನ್ನು ಪುನಃ ಪರಿಶೀಲಿಸಿ, 2018ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಬಹುತೇಕ ಶಿಕ್ಷಣಶಾಲೆಗಳ ನಡುವಣ ಅಂತರವು ಗಣನೆಗೆ ಬಾರದಷ್ಟು ಅಲ್ಪವೆಂದೂ, ತೋರುವ ತಾರತಮ್ಯದಲ್ಲಿ ಹೆಚ್ಚಿನದು ಅಂದಾಜಿನ ದೋಷವೆಂದೂ ಅವರು ಕಂಡರು. ಹೀಗಿರಲು, ಒಂದನ್ನು ಮೊದಲನೆಯದೆಂದೂ ಮತ್ತೊಂದನ್ನು ಕೊನೆಯದೆಂದೂ ಸಾಲುಗಟ್ಟಿಸುವುದಕ್ಕೆ ಆಧಾರವೆಲ್ಲಿ?

ಸಾಹಿತ್ಯಬೋಧಕರು ಗಮನಿಸಬೇಕಾದ ಸಂಗತಿ ಇನ್ನೊಂದುಂಟು. ಈ ಗಣನೆಗೆ ಒದಗುವ ಪರೀಕ್ಷೆಗಳು ಮುಖ್ಯವಾಗಿ ವಾಚನ ಮತ್ತು ಗಣಿತಗಳವು. ಕಾವ್ಯದ ರುಚಿಯನ್ನು ಹುಟ್ಟಿಸಿದ ಗುರುವಿನ ಶ್ರಮವು ಅದರಲ್ಲಿ ಕಾಣದು. ಕಾಣದುದನ್ನು ಕಾಲೇಜುಗಳೂ ಕ್ರಮೇಣ ಕಡೆಗಣಿಸುವ ಭಯವಿದೆ.

ಆದುದರಿಂದ ಅಂಕವೃದ್ಧಿಯನ್ನು ತೀರ್ಪೆಂದು ಭಾವಿಸದೆ ಸೂಚನೆಯೆಂದು ಸ್ವೀಕರಿಸುವುದು ಯುಕ್ತ. ಸೂಚನೆಯು ಸಂದೇಹವನ್ನು ಹುಟ್ಟಿಸಿದಲ್ಲಿ, ತರಗತಿಯೊಳಗೆ ಕುಳಿತು ಪಾಠವನ್ನು ಕೇಳಿ ನೋಡಿದ ಬಳಿಕವೇ ಕಾಲೇಜಿನ ಗುಣವನ್ನು ನಿರ್ಣಯಿಸತಕ್ಕದ್ದು.